ಉಣ್ಣೆ

ಇಬ್ರಿಯ ಆಸ್ಪತ್ರೆ. ಬಕ್ರೀದಿಗೆ ಇನ್ನು ಹನ್ನೊಂದು ದಿನ.
ಗಾಜಿನಾಚೆ ಹುಲಗಪ್ಪ, ಕುಷ್ಟಗಿ ಕಡೆಯವನು,
ಪಾಸ್‌ಪೋರ್ಟಿನಲ್ಲಿ ಡ್ರೈವರ್, ಮರಳಿನಲ್ಲಿ ಕುರಿಗಾಹಿ.
ಒಸಡಿನಲ್ಲಿ ರಕ್ತ. ಸೂಜಿ ಚುಚ್ಚಿದಲ್ಲೆಲ್ಲ
ನೇರಳೆ ಹಣ್ಣು ಜಜ್ಜಿದ ಕಲೆ.

ನಾನು ಲ್ಯಾಬಿನವಳು, ರಕ್ತದ ಜೊತೆಗಷ್ಟೇ ನನ್ನ ಮಾತು.
ಆದರೆ ಈ ಮಹಡಿಯಲ್ಲಿ ಕನ್ನಡ ಬರುವುದು ನನಗೊಬ್ಬಳಿಗೇ.
ಎರಡು ಜೊತೆ ಗ್ಲೌಸು, ಮುಖಕ್ಕೆ ಕವಚ, ಕೈಯಲ್ಲಿ ಫಾರ್ಮು:
ಹದಿನಾಲ್ಕು ದಿನದೊಳಗೆ ಪ್ರಾಣಿ ಮುಟ್ಟಿದ್ದೀರಾ?

ನಕ್ಕ. ನಗಬಾರದಿತ್ತು, ತುಟಿ ಒಡೆಯಿತು.
"ಮುಟ್ಟದ ದಿನಾ ಯಾವ್ದೈತ್ರಿ, ಅಕ್ಕಾರ?"

ಉಣ್ಣೆ ಕಚ್ಚಿತ್ತಾ?
"ಯಾವ ಉಣ್ಣಿ? ಕತ್ತರಸೂದಾ, ಕೀಳೂದಾ?"
ಫಾರ್ಮಿನಲ್ಲಿ ಅದಕ್ಕೆ ಜಾಗವಿರಲಿಲ್ಲ.

ಊರಿನದು ಸೋಮಾರಿಯಂತೆ, ಹುಲ್ಲಿನ ತುದಿಗೆ ಕೂತು ಕಾಯುತ್ತದೆ.
ಇಲ್ಲಿಯದು ಓಡುತ್ತದೆ. ಕಾಲಿಗೆ ಬಿಳಿ ಪಟ್ಟಿ.
ನೆರಳು ಬಿದ್ದರೆ ಸಾಕು, ಮರಳಿನಿಂದೆದ್ದು
ಬೆನ್ನು ಹತ್ತುತ್ತದೆ, ಕಫೀಲನ ಪಿಕಪ್ಪಿನ ಹಾಗೆ.
ಕಿತ್ತೆ, ಉಗುರಲ್ಲಿ ಚಟ್ಟನೆ ಒತ್ತಿದೆ, ಅಪ್ಪ ಮಾಡುತ್ತಿದ್ದ ಹಾಗೆ.
ಅಪ್ಪನಿಗೇನೂ ಆಗಿರಲಿಲ್ಲ.

ಜ್ವರದ ಹೆಸರು ಹೇಳಿದೆ: ಕ್ರಿಮಿಯಾ, ಕಾಂಗೋ.
"ಕ್ರಿಮಿ ಗೊತ್ತೈತಿ. ಕಾಂಗೋ ಯಾವ ತಾಲೂಕು?"

ನಮ್ಮ ಗೋಡೆಯಲ್ಲೊಂದು ನಕ್ಷೆ. ನಾನು ಬಂದ ವರ್ಷ
ಕೆಂಪು ಗುಂಡುಪಿನ್ನೆಲ್ಲ ಕಡಲ ದಂಡೆಗೆ.
ಈಗ ವಾಡಿಗಳ ಗುಂಟ ಗುಡ್ಡ ಹತ್ತಿವೆ,
ಪಿನ್ನು ಮುಗಿದು ನಾವು ಪೆನ್ನಿನಲ್ಲಿ ಚುಕ್ಕಿ ಇಡುತ್ತೇವೆ.
ಬೆರ್ಬೆರಾದ ಹಡಗಿಳಿದು ಬಂತೋ, ಗಡಿ ದಾಟಿದ ಟ್ರಕ್ಕಿನಲ್ಲೋ,
ಇಲ್ಲಾ ಹಕ್ಕಿಯೊಂದರ ಕಿವಿಯ ಬಳಿ, ಸಾಸಿವೆಯಷ್ಟೇ ಮರಿ,
ನೇತುಬಿದ್ದು ಆಫ್ರಿಕಾ ದಾಟಿ, ನೀರು ದಾಟಿ,
ಹಕ್ಕಿಗೆ ಸುಸ್ತಾದ ಕಡೆ, ಯಾರದೋ ಖರ್ಜೂರದ ತೋಟದಲ್ಲಿ
ಉದುರಿತೋ.

ಫಾರ್ಮಿನ ಕೊನೆಯ ಸಾಲು: ಸೋಂಕು ತಗುಲಿದ ಊರು.
ಅವನು ಬಹಳ ಹೊತ್ತು ಕಣ್ಣು ಮುಚ್ಚಿಕೊಂಡಿದ್ದ.
ನಿದ್ದೆಯೆಂದುಕೊಂಡು ಏಳುವಷ್ಟರಲ್ಲಿ:
"ಅದಕ್ಕೆಲ್ಲೀದು ಊರು? ಮೈ ಸಿಕ್ಕಿದ್ದ ಊರು."
ನಾನು ಇಬ್ರಿ ಎಂದು ಬರೆದೆ.

ಹೊರಬಂದು ಗ್ಲೌಸು ಕಳಚುತ್ತಿದ್ದೆ, ಮೊದಲು ಹೊರಗಿನದು.
ಕಿಟಕಿಯ ಕೆಳಗೆ ಸಿಗ್ನಲ್ಲಿಗೆ ನಿಂತ ಪಿಕಪ್ಪು, ತುಂಬ ಆಡು,
ಸಂತೆಗೆ ಹೊರಟದ್ದು. ನಡುವೆ ನಿಂತ ಹುಡುಗ
ಒಂದರ ಕಿವಿ ಮಡಚಿ ಏನನ್ನೋ ಕಿತ್ತು
ಉಗುರ ಮೇಲಿಟ್ಟುಕೊಂಡ.

ಗಾಜು ಬಡಿದೆ, ಎರಡೂ ಕೈಯಲ್ಲಿ.
ತಲೆಯೆತ್ತಿ ನೋಡಿದ.
ಕೈ ಬೀಸಿದ.