ಹನ್ನೊಂದನೇ ದಿನ

ಬೆಟ್ಟದ ಮೇಲೆ ನೆಲ ಬಾಯಿ ಬಿಟ್ಟಿದೆ.
ಇಡೀ ಹಳ್ಳ ಅದಕ್ಕೆ ಒಂದೇ ಗುಟುಕು.
ಕುರಿಬೇಲಿಯಾಚೆ ನಿಂತು, ಮಂಗಳವಾರ,
ನಾನೇ ಸುರಿದೆ ಅರ್ಧ ಬಕೆಟ್ಟು ಬಣ್ಣ.
ಪುಡಿಯಾಗಿದ್ದಾಗ ಇಟ್ಟಿಗೆ ಕೆಂಪು,
ನೀರಿಗಿಳಿದೊಡನೆ ಗಿಳಿಹಸಿರು.

ಆಮೇಲೆ ಕಾಯುವುದೇ ಕೆಲಸ.
ಕೆಳಗೆ ಸ್ಕಾರ್‌ಥ್ವೇಟಿನ ಏಳು ಬುಗ್ಗೆಗಳಿಗೆ
ಏಳು ಇದ್ದಿಲ ಚೀಲ ಇಳಿಬಿಟ್ಟೆ:
ಹಿಲ್ಡಾ ಮೆಟ್‌ಕಾಫ್ ಕೊಟ್ಟ ಹಳೆಯ ನೈಲಾನ್ ಸ್ಟಾಕಿಂಗು,
ಒಂದೊಂದಕ್ಕೂ ಚೀಟಿ, ದಾರ, ಗಂಟು.
"ನನ್ನ ಕಾಲಂತೂ ಆ ಕಡೆ ಬರಲೊಲ್ಲವು,
ಇವಾದರೂ ಹೋಗಲಿ" ಅಂದಳು.

ನಕ್ಷೆಯ ಪ್ರಕಾರ ದೊಡ್ಡ ಗವಿಯಲ್ಲಿ, ಮೂರನೇ ದಿನ.
ಅಲ್ಲಿ ನದಿ ಹೊರಬರುವುದೇ ಸದ್ದಿಲ್ಲದೆ,
ಕತ್ತಲೆಕೋಣೆಯಿಂದ ಹೊಸ್ತಿಲಿಗೆ ಬಂದ ಬಾಣಂತಿ
ಬಿಸಿಲಿಗೆ ಕಣ್ಣು ಕಿರಿದು ಮಾಡಿದ ಹಾಗೆ.
ಮೂರು ಕಳೆಯಿತು. ಐದನೇ ದಿನ ಮಳೆ.
ಎಂಟನೇ ದಿನ ಒಂದು ಕುರಿ ನೀರು ಕುಡಿದು
ನನ್ನ ಮುಖ ನೋಡಿ ಹೋಯಿತು.

"ನಮ್ಮಲ್ಲೊಂದು ಮಾತಿದೆ, ಹಿಲ್ಡಾ,
ನದೀಮೂಲ ಋಷಿಮೂಲ ಕೆದಕಬಾರದು.
ಸಂಬಳ ಕೊಡುವ ನೀರಿನ ಕಂಪನಿಗೆ ಮಾತ್ರ
ಇದನ್ನು ಹೇಳಬೇಡ."

ನಕ್ಕಳು. ನಗು ಮುಗಿದ ಮೇಲೂ
ಕೈಯಲ್ಲಿದ್ದ ಚೀಟಿಯ ದಾರ ತಿರುವುತ್ತಲೇ ಇದ್ದಳು.
ನಲವತ್ತನೇ ಇಸವಿ. ನಾಲ್ಕು ವರ್ಷದವಳು.
ಬಾಂಬಿಗೆ ಹೆದರಿ ಹಲ್ ಬಂದರಿನಿಂದ ಮಕ್ಕಳ ರೈಲು.
ಕೋಟಿನ ಗುಂಡಿಗೆ ಇಂಥದ್ದೇ ಚೀಟಿ.
ಸ್ಟೇಷನ್ನಿನಿಂದ ಇಲ್ಲಿಗೆ ಬರುವಷ್ಟರಲ್ಲಿ ಮಳೆ,
ಹಿಲ್ಡಾ ಅನ್ನುವುದೊಂದು ಉಳಿದು
ಬೀದಿ, ಅಪ್ಪನ ಹೆಸರು, ಮಿಕ್ಕಿದ್ದೆಲ್ಲ ಕದಡಿ ಶಾಯಿ.
ಯುದ್ಧ ಮುಗಿಯಿತು. ಕರೆದೊಯ್ಯಲು ಯಾರೂ ಬರಲಿಲ್ಲ.
ಮೆಟ್‌ಕಾಫರು ಏನೂ ಕೇಳಲಿಲ್ಲ,
ಮೇಜಿನ ಮೇಲೆ ಅದೇ ಒಂದು ತಟ್ಟೆ ಹೆಚ್ಚಿಗೆ
ಇಡುತ್ತಲೇ ಹೋದರು.

ಹನ್ನೊಂದನೇ ದಿನ ಬೆಳಿಗ್ಗೆ
ಏಳು ಬುಗ್ಗೆಯಲ್ಲೂ ಅಲ್ಲ,
ಹಿಲ್ಡಾಳ ಹಿತ್ತಲಲ್ಲಿ, ಕೋಳಿಗಳು ಕುಡಿಯುವ ಕಲ್ಲುಬಾನಿಯಲ್ಲಿ,
ಯಾವ ನಕ್ಷೆಯೂ ಗುರುತಿಸದ ಒಂದು ಒರತೆ
ಹಸಿರಾಗಿ ತುಳುಕುತ್ತಿತ್ತು.

ಓಡಿ ಫಾರಂ ತಂದೆ. ಬಿಟ್ಟ ಜಾಗ, ಬರೆದೆ.
ಬಂದ ಜಾಗ, ಬರೆದೆ.
ನಡುವೆ ಇಷ್ಟು ದಿನ ಎಲ್ಲಿತ್ತು,
ಯಾವ ಕತ್ತಲಲ್ಲಿ ಯಾವ ಕಲ್ಲನ್ನು ಸವರುತ್ತ ಕೂತಿತ್ತು,
ಅದಕ್ಕೆ ಫಾರಮಿನಲ್ಲಿ ಕಾಲಂ ಇಲ್ಲ.

ಅವಳು ಆಗಲೇ ಕೆಟಲ್ ತುಂಬಿಸಿ ಒಲೆಗಿಟ್ಟಿದ್ದಳು.
"ಕುಡಿದರೆ ಏನೂ ಆಗದು" ಅಂದೆ.
ಅವಳೇನು ಕೇಳಿರಲಿಲ್ಲ.
ಎರಡು ಕಪ್ಪು. ಟೀ ಪುಡಿ ಬಿದ್ದೊಡನೆ
ಹಸಿರು ಕಾಣದಾಯಿತು.