ಎಳೆಯಲಿಲ್ಲ

ಅವತ್ತು ಅಮಾಸೆಯ ಮರುದಿನ, ಭರತ ಜೋರು.
ಇವರು ಟಾರ್ಚು ಹಿಡಿದು ಕಟ್ಟೆಗೆ ಹೋಗಿದ್ದರು,
ಏಡಿ ಕೊರೆದ ಬಿಲಗಳಿಗೆ ಕೆಸರು ಮೆತ್ತಲು.
ರಾತ್ರಿ ಊಟಕ್ಕೆ ಮೊದಲು, ಹಿತ್ತಲ ಕಲ್ಲಿನ ಮೇಲೆ
ಮಗಳನ್ನು ಕೂರಿಸಿ ತೊಳೆಯುತ್ತಿದ್ದೆ.
ಕೈಗೆ ಏನೋ ತಾಗಿತು.

ಬೆಳ್ಳಗೆ, ಸಪೂರ, ಗೇಣಿಗೆ ತುಸು ಕಮ್ಮಿ.
ಅತ್ತೆ ಚಿಮಣಿ ದೀಪ ಬಗ್ಗಿಸಿ ನೋಡಿದರು:
"ಜಂತೇ ಕಾಣೆ, ಎಳ್ದ್ ಬಿಸಾಕು.
ದಾಳಿಂಬೆ ಬೇರು ಅರೆದು ಕೊಡ್ವ ನಾಳೆ."

ಎರಡು ಬೆರಳಲ್ಲಿ ಹಿಡಿದೂ ಆಗಿತ್ತು.
ಜಂತುವಾದರೆ ಹೊರಳಬೇಕು. ಇದು ಹೊರಳಲಿಲ್ಲ.
ತುದಿಯಲ್ಲಿ ಒಂದು ಹನಿ ಕೂತಿತ್ತು,
ಬಿತ್ತು. ಇನ್ನೊಂದು ಕೂತಿತು.
ಅಷ್ಟು ತಿಳಿಯಾದ ನೀರು
ನಮ್ಮ ಬಾವಿಯಲ್ಲೂ ಇಲ್ಲ.

ಆಗ ಗೊತ್ತಾಯಿತು ಅದು ಎಲ್ಲಿಯ ನೀರೆಂದು.

ಮೂರು ತಿಂಗಳ ಕೂಸಿದ್ದಾಗ ಮಣಿಪಾಲದಲ್ಲಿ
ಡಾಕ್ಟರು ಚೀಟಿಯ ಬೆನ್ನಿಗೆ ಚಿತ್ರ ಬರೆದಿದ್ದರು:
ತಲೆಯೊಳಗೆ ನೀರು ಹುಟ್ಟುತ್ತಲೇ ಇರುತ್ತದೆ, ಎಲ್ಲರಿಗೂ;
ಇವಳಿಗೆ ಅದು ಹೋಗುವ ದಾರಿ ಇಲ್ಲ.
ಕಿವಿಯ ಹಿಂದೆ ಒಂದು ವಾಲ್ವು,
ಕತ್ತಿನ ಚರ್ಮದಡಿ ನಳಿಗೆ, ಎದೆ ದಾಟಿ ಹೊಟ್ಟೆಯೊಳಕ್ಕೆ,
ಬೆಳೆಯುವ ಮಗು ಎಂದು ಉದ್ದ ಬಿಟ್ಟ ಸುರುಳಿ.
ಇವರು ಕೇಳಿದ್ದರು, "ಜಂತ್ರಡಿ, ಅಲ್ವಾ ಸಾರ್?"
ಇಳಿತಕ್ಕೆ ತೆರೆದು ಭರತಕ್ಕೆ ಮುಚ್ಚುವ
ನಮ್ಮ ಗಜನಿಯ ಹಲಗೆ ಬಾಗಿಲು
ಡಾಕ್ಟರಿಗೆ ಗೊತ್ತಿರಲಿಲ್ಲ. ಆದರೂ ಹೌದು ಅಂದರು.

ಆರು ವರ್ಷ ಎಲ್ಲ ಸರಿಯೇ ಇತ್ತು.
ಜ್ವರವಿಲ್ಲ, ವಾಂತಿಯಿಲ್ಲ, ಶಾಲೆಗೆ ಒಂದು ದಿನ ತಪ್ಪಿಸಲಿಲ್ಲ.
ಹೊಟ್ಟೆಯ ಕತ್ತಲಲ್ಲಿ ಆ ತುದಿ ಮಾತ್ರ
ಒಂದೇ ಜಾಗಕ್ಕೆ ಒರಗಿ, ಒರಗಿ,
ಏಡಿಯ ಹಾಗೆ, ಯಾರ ಮೇಲೂ ಸಿಟ್ಟಿಲ್ಲದೆ
ಕರುಳಿಗೆ ತೂತು ಹಾಕಿ
ತನ್ನ ದಾರಿ ಹಿಡಿದಿತ್ತು.

"ಎಳೆಯೇ," ಅಂದರು ಅತ್ತೆ ಮತ್ತೊಮ್ಮೆ.

ಈ ಮನೆಗೆ ಬಂದ ವರ್ಷ, ಗೊತ್ತಿಲ್ಲದೆ,
ಭರತದ ಹೊತ್ತಿಗೆ ಒಂದು ಹಲಗೆ ಎತ್ತಿದ್ದೆ. ಒಂದೇ.
ಕಗ್ಗವೂ ತಾಳದಷ್ಟು ಉಪ್ಪು
ಬೆಳಗಾಗುವುದರೊಳಗೆ ಗದ್ದೆಯ ತಲೆಯವರೆಗೂ ಏರಿತ್ತು.

ಬೆರಳು ಬಿಟ್ಟೆ.
ಒಗೆದ ಪಂಚೆ ಹರಿದು ಸುತ್ತಿದೆ.

ಆಂಬುಲೆನ್ಸು ಶರಾವತಿ ಸೇತುವೆ ದಾಟುವಾಗ
ಕವುಚಿ ಮಲಗಿದ್ದವಳು ಕೇಳಿದಳು,
"ಅವ್ವಿ, ನಂಗೆ ಬಾಲ ಬಂತಾ?"
ಇವರು ನಕ್ಕರು. ಆಮೇಲೆ ಉಡುಪಿಯವರೆಗೂ
ಕಿಟಕಿಯ ಕಡೆ ಮುಖ ಮಾಡಿ ಕೂತರು.

ಅಪರೂಪ, ಅಂದರು ಅಲ್ಲಿ. ಬಹಳ ಅಪರೂಪ.
ಕಲಿಯುವವರನ್ನು ಕರೆಸಿದರು, ಹನ್ನೊಂದು ಜನ.
ಆ ಮಾತನ್ನು ನಾನು ನೆಂಟರಿಗೆ ಅಂದಿದ್ದೆ,
ಬಲೆಗೆ ಬಿದ್ದ ದೊಡ್ಡ ಕಾಗಳಸಿಗೆ ಅಂದಿದ್ದೆ.
ಫೋಟೋಕ್ಕೆ ಒಪ್ಪಿಗೆ ಕೇಳಿದರು, ಮುಖ ಬರುವುದಿಲ್ಲವಂತೆ.
ಸಹಿ ಮಾಡುತ್ತ ಕೇಳಿದೆ:
ಹೀಗಾದ ಬೇರೆ ಮಕ್ಕಳ ತಾಯಂದಿರು
ಏನು ಅಂದುಕೊಂಡರು, ಮೊದಲು ಕಂಡಾಗ?
ಕನ್ನಡಕ ತೆಗೆದು ಒರೆಸಿಕೊಂಡರು ದೊಡ್ಡ ಡಾಕ್ಟರು.
"ಹೆಚ್ಚಿನವರು ಜಂತು ಅಂತಲೇ."
ಎಳೆದವರೆಷ್ಟು ಎಂದು ಕೇಳಲಿಲ್ಲ.

ಹದಿನೆಂಟು ದಿನ ಅವಳ ತಲೆಯ ನೀರು
ಮಂಚದ ಪಕ್ಕ ಚೀಲಕ್ಕೆ ಇಳಿಯಿತು,
ನರ್ಸು ಗೆರೆ ನೋಡಿ ಬರೆದುಕೊಂಡಳು.
ಈಗ ಎಡಗಿವಿಯ ಹಿಂದೆ ಹೊಸ ಗುಬುಟು,
ಹೊಟ್ಟೆಯಲ್ಲಿ ಹೊಸ ಸುರುಳಿ.
ಒತ್ತಬೇಡಿ ಅಂದಿದ್ದಾರೆ.
ಒತ್ತುವುದಿಲ್ಲ, ನಿದ್ದೆ ಹತ್ತಿದ ಮೇಲೆ ಬರೀ ಮುಟ್ಟುತ್ತೇನೆ.

ಅಂಗಳದಲ್ಲಿ ಕಾಲು ತೊಳೆಯುತ್ತ ಇವರು ಹೇಳುತ್ತಾರೆ,
ಇವತ್ತೂ ಎರಡು ಬಿಲ ಸಿಕ್ಕಿತು.
"ಎಲ್ಲ ಮುಚ್ಚಿದ್ರಾ?"
"ಸಿಕ್ಕಿದ್ದನ್ನು."