ಏಳನೆಯ ಕೋಣೆಯ ನಲ್ಲಿ

ಪ್ರತಿ ಸೋಮವಾರ ನಸುಕಿಗೆ
ಬಾಟಲಿಗಳ ಪೆಟ್ಟಿಗೆ ಹಿಡಿದು
ಸರಾಯೆವೋದ ಈ ಆಸ್ಪತ್ರೆಯ ಐದನೆಯ ಮಹಡಿ ಹತ್ತುತ್ತೇನೆ.
ಅಸ್ಥಿಮಜ್ಜೆ ಬದಲಿಸಿಕೊಂಡವರ ವಾರ್ಡು.
ನನ್ನ ವ್ಯವಹಾರ ರೋಗಿಗಳ ಜೊತೆಯಲ್ಲ,
ನಲ್ಲಿಗಳ ಜೊತೆ.

ಏಳನೆಯ ಕೋಣೆಯ ನಲ್ಲಿಗೆ
ಕಳೆದ ವಾರವೇ ಹಳದಿ ಪಟ್ಟಿ ಸುತ್ತಿದ್ದಾರೆ.
ಲ್ಯಾಬಿನ ತಟ್ಟೆಯಲ್ಲಿ ಎರಡೇ ದಿನಕ್ಕೆ ಹಸಿರು ಬೆಳೆದಿತ್ತು.
ಮೂಸಬಾರದೆಂಬುದು ನಿಯಮ,
ಮುಚ್ಚಳ ಸರಿದಾಗ ತಾನೇ ಬಂತು ಮೂಗಿಗೆ
ಮಾಗಿದ ದ್ರಾಕ್ಷಿಯ ಘಮ.

ನನಗದು ಏನೂ ಮಾಡದು.
ಊರೆಲ್ಲ ಕುಡಿಯುತ್ತದೆ, ಕಾಫಿ ಕಾಸುತ್ತದೆ.
ಕೊಳವೆಯ ಮೊಣಕೈಯಲ್ಲಿ
ಲೋಳೆಯ ತೆಳು ಹೊದಿಕೆ ಹೊದ್ದು ಕೂತವಕ್ಕೆ
ನನ್ನ ರಕ್ತದಲ್ಲಿ ಕಾವಲಿದೆ.
ಮುನೆವೆರಾಳ ರಕ್ತದಲ್ಲಿ ಈಗ
ಬಾಗಿಲಿದೆ, ಚಿಲಕವಿಲ್ಲ.

"ಹರಿಯುವ ನೀರು ಕೆಡುವುದುಂಟೇನಮ್ಮ?" ಅನ್ನುತ್ತಾಳೆ.
ಅರವತ್ತು ದಾಟಿದವಳು, ಹುಬ್ಬೂ ಉದುರಿದೆ.
ಮುತ್ತಿಗೆಯ ವರ್ಷಗಳಲ್ಲಿ, ನಲ್ಲಿಗಳೆಲ್ಲ ಒಣಗಿ ನಿಂತಾಗ,
ತಳ್ಳುಗಾಡಿಯಲ್ಲಿ ಮಗುವಿನ ಜಾಗಕ್ಕೆ
ನಾಲ್ಕು ಕ್ಯಾನು ಕೂರಿಸಿ
ಸೇತುವೆ ದಾಟುತ್ತಿದ್ದಳಂತೆ,
ಗುಡ್ಡದ ಮೇಲಿನ ಬಂದೂಕಿಗೆ ಬೆನ್ನು ಕೊಟ್ಟು.
ಒಂದು ಸಲ ಗುಂಡು ಕ್ಯಾನಿಗೇ ಬಿತ್ತು.
"ತೂತಿಗೆ ಹೆಬ್ಬೆರಳು ಒತ್ತಿಕೊಂಡೇ ಮನೆ ಮುಟ್ಟಿದೆ.
ಅರ್ಧ ಉಳೀತು."
ಅದು ಎಲ್ಲಿಯ ನೀರು, ಪರೀಕ್ಷಿಸಿದವರು ಯಾರು,
ನಾನು ಕೇಳಲಿಲ್ಲ.

ಈಗ ಹಾಸಿಗೆಯಿಂದ ನಾಲ್ಕೇ ಹೆಜ್ಜೆ.
ತಿರುಗಿಸಿದರೆ ಬಿಸಿ, ತಣ್ಣಗೆ, ಎರಡೂ.
ಆದರೆ ನೀರು ಕುಡಿದಷ್ಟು ಸುಲಭ ಎಂಬ ಮಾತನ್ನು
ಈ ಮಹಡಿಯಲ್ಲಿ ಯಾರೂ ಆಡುವುದಿಲ್ಲ.
ಹಲ್ಲುಜ್ಜಲು ಮೊಹರು ಒಡೆಯದ ಸೀಸೆ,
ಮೈಗೆ ಪೊಟ್ಟಣದ ಒದ್ದೆ ಬಟ್ಟೆ.
ಮೊಮ್ಮಗಳು ತಂದ ಹೂವು
ತನ್ನ ಲೋಟದ ನೀರಿನ ತಪ್ಪಿಗೆ
ಕೆಳಗೆ ಕಾವಲುಗಾರನ ಮೇಜಿನ ಮೇಲೆ ಬಾಡುತ್ತಿದೆ.

ಇವತ್ತು ಬಚ್ಚಲ ಬಾಗಿಲು ಹಾಕಿಕೊಂಡು
ಪಟ್ಟಿ ಬಿಚ್ಚಿ ಬಾಟಲಿ ತುಂಬಿದೆ.
ಸದ್ದು ಗೋಡೆ ದಾಟಿರಬೇಕು.
ಹೊರಬಂದರೆ ಆಕೆ ಎದ್ದು ಕೂತಿದ್ದಾಳೆ,
ಒಣ ಗೋಡೆಗೆ ಎರಡೂ ಅಂಗೈ ತಟ್ಟಿ
ಮುಖಕ್ಕೆ ಸವರಿಕೊಂಡು, ಮತ್ತೆ ತಟ್ಟಿ
ಮೊಣಕೈಯವರೆಗೆ ಮೆಲ್ಲಗೆ, ಸೂಜಿ ತಾಕದಂತೆ.
ನೀರು ಸಿಗದವರ ವುಜೂ.
"ಆಗ ಕಲಿತದ್ದು," ಅಂದಳು.

ನನ್ನ ಕೈಯಲ್ಲಿ ಅರ್ಧ ಲೀಟರು,
ಆಚೆಯ ಕಿಟಕಿ ಕಾಣುವಷ್ಟು ನಿಚ್ಚಳ.
ಉತ್ತರ ಬುಧವಾರಕ್ಕೆ.
ಮೆಟ್ಟಿಲಲ್ಲಿ ನಿಂತು
ಮುಚ್ಚಳವನ್ನು ಹೆಬ್ಬೆರಳಿನಿಂದ
ಇನ್ನೊಮ್ಮೆ ಒತ್ತಿಕೊಂಡೆ.